ಎಮ್ಡನ್ ಹಡಗು ಮತ್ತು ಅಪ್ಪನ ಸಾಬೂನು

ನಮ್ಮ ಬಡಾವಣೆಯ ಹೆಸರೇ ಒಂದು ತಮಾಷೆ. ಮೂಡಲ ಎಂದರೆ ಪೂರ್ವ. ಆದರೆ ಮೂಡಲಪಾಳ್ಯ ಇರುವುದು ಬೆಂಗಳೂರಿನ ಪಶ್ಚಿಮಕ್ಕೆ. ಹಿಂದಿನವರು ಎಲ್ಲಿ ನಿಂತು ನೋಡಿ ಈ ಹೆಸರಿಟ್ಟರೋ! ದಿಕ್ಕುಗಳ ಪಾಠ ಮಾಡುವಾಗ ಮಕ್ಕಳು ಈ ಪ್ರಶ್ನೆ ಕೇಳದೆ ಬಿಡುವುದಿಲ್ಲ. ಇನ್ನು ಸಮುದ್ರದ ಮಾತು ಹೇಳಬೇಕೆಂದರೆ, ಇಲ್ಲಿಂದ ಯಾವ ದಿಕ್ಕಿನ ಬಸ್ಸು ಹತ್ತಿದರೂ ಮುನ್ನೂರು ಕಿಲೋಮೀಟರ್ ಸವೆಸದೆ ಅದು ಕಣ್ಣಿಗೆ ಬೀಳುವುದಿಲ್ಲ. ನಮ್ಮ ಬೀದಿಯ ಜನ ಕಾದು ಕುಳಿತು ಸ್ವಾಗತಿಸುವ ಹಡಗು ಎಂದರೆ ಬೇಸಿಗೆಯಲ್ಲಿ ಬರುವ ನೀರಿನ ಟ್ಯಾಂಕರ್ ಒಂದೇ.

ಇಂಥ ಊರಿನಿಂದ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ನಾವಿಕನಾಗಿ ನೌಕಾಪಡೆಗೆ ಆಯ್ಕೆಯಾದ. ಅವನ ತಾಯಿ ಹೊಲಿಗೆ ಕೆಲಸ ಮಾಡಿ ಮಗನನ್ನು ಓದಿಸಿದವರು. ಆಯ್ಕೆಯ ಸುದ್ದಿ ಬಂದ ದಿನ ಶಾಲೆಗೇ ಬಂದು ಸಿಬ್ಬಂದಿಗೆಲ್ಲ ಪೇಡ ಹಂಚಿದರು. ಹುಡುಗ ಒಡಿಶಾದ ಚಿಲ್ಕಾಕ್ಕೆ ತರಬೇತಿಗೆ ಹೋದ. ಕೆಲವು ತಿಂಗಳು ಕಳೆದ ಮೇಲೆ ಒಂದು ಸಂಜೆ ಅದೇ ತಾಯಿ ನಮ್ಮ ಮನೆಗೆ ಬಂದರು. ಈ ಸಲ ಕೈಯಲ್ಲಿ ಪೇಡ ಇರಲಿಲ್ಲ, ಮುಖದಲ್ಲಿ ಕಳೆಯೂ ಇರಲಿಲ್ಲ.

‘ಸಾರ್, ಅವನನ್ನ ಸ್ಟೋರ್ಸಿಗೆ ಹಾಕಿದಾರಂತೆ. ಸಾಮಾನು ತಗೊಳ್ಳೋದು, ಬರ್ಕೊಳ್ಳೋದು, ಕೊಡೋದು. ಸಮುದ್ರಕ್ಕೆ ಹೋಗಿ ರೇಷನ್ ಅಂಗಡಿ ಇಡಬೇಕಾಗಿತ್ತಾ ಸಾರ್? ಇಲ್ಲೇ ಮೂಡಲಪಾಳ್ಯ ಸರ್ಕಲ್ಲಲ್ಲಿ ಇಡಬಹುದಾಗಿತ್ತಲ್ಲ!’

ನನಗೆ ನಗು ಬಂತು. ಆದರೆ ಅವರು ಮುಂದೆ ಹೇಳಿದ ಮಾತು ಕೇಳಿ ಆ ನಗು ಅಲ್ಲೇ ನಿಂತಿತು. ಹುಡುಗ ತನ್ನ ಸ್ನೇಹಿತರಿಗೆಲ್ಲ ‘ಕ್ಷಿಪಣಿ ಹಾರಿಸೋ ವಿಭಾಗದಲ್ಲಿ ಇದೀನಿ’ ಎಂದು ಹೇಳಿದ್ದಾನಂತೆ. ನಿಜ ಗೊತ್ತಿರುವುದು ತಾಯಿಗೆ ಮಾತ್ರ. ರಜೆ ಸಿಕ್ಕರೂ ಊರಿಗೆ ಬರಲು ಅವನಿಗೆ ಮನಸ್ಸಿಲ್ಲ. ಬಂದರೆ ಸ್ನೇಹಿತರು ಕೇಳುವ ಪ್ರಶ್ನೆಗಳಿಗೆ ಇನ್ನಷ್ಟು ಸುಳ್ಳು ಹೇಳಬೇಕಲ್ಲ!

‘ನೀವೇ ಒಂದು ಮಾತು ಹೇಳಿ ಸಾರ್, ನಿಮ್ಮ ಮಾತಂದ್ರೆ ಕೇಳ್ತಾನೆ’ ಎಂದು ಅವರು ಎದ್ದು ಹೋದರು. ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಏಕೆಂದರೆ ಅಂಥದೇ ಒಂದು ಸುಳ್ಳನ್ನು ನಾನೂ ಹೇಳಿದ್ದೆ, ನಲವತ್ತು ವರ್ಷಗಳ ಹಿಂದೆ. ಅದನ್ನು ಆಮೇಲೆ ಹೇಳುತ್ತೇನೆ. ಮೊದಲು ಆ ಹುಡುಗನಿಗೆ ನಾನು ಹೇಳಿದ ಹಡಗಿನ ಕಥೆ ಕೇಳಿ.

ಬಹಳ ವರ್ಷಗಳ ಹಿಂದೆ ಶಾಲೆಯ ಪ್ರವಾಸಕ್ಕೆ ಮಕ್ಕಳನ್ನು ಚೆನ್ನೈಗೆ ಕರೆದುಕೊಂಡು ಹೋಗಿದ್ದೆವು. ಅಲ್ಲಿನ ಹೈಕೋರ್ಟ್ ಆವರಣದ ಗೋಡೆಯಲ್ಲಿ ಒಂದು ಫಲಕವಿದೆ. 1914ರ ಸೆಪ್ಟೆಂಬರ್ 22ರ ರಾತ್ರಿ ‘ಎಮ್ಡನ್’ ಎಂಬ ಜರ್ಮನ್ ಯುದ್ಧನೌಕೆ ಮದರಾಸಿನ ಮೇಲೆ ಗುಂಡಿನ ಮಳೆಗರೆದದ್ದರ ನೆನಪಿಗೆ ಹಾಕಿದ್ದು ಅದು. ಮೊದಲನೆಯ ಮಹಾಯುದ್ಧ ಶುರುವಾಗಿ ಆಗಿನ್ನೂ ಎರಡು ತಿಂಗಳೂ ಆಗಿರಲಿಲ್ಲ. ರಾತ್ರಿ ಒಂಬತ್ತೂವರೆಯ ಸುಮಾರಿಗೆ ದೀಪ ಆರಿಸಿಕೊಂಡು ಬಂದ ಆ ಹಡಗು ಅರ್ಧ ಗಂಟೆಯೊಳಗೆ ನೂರಕ್ಕೂ ಹೆಚ್ಚು ಗುಂಡು ಹಾರಿಸಿ ಬಂದರಿನ ಬಳಿಯಿದ್ದ ಬರ್ಮಾ ಆಯಿಲ್ ಕಂಪನಿಯ ಎಣ್ಣೆ ಟ್ಯಾಂಕುಗಳಿಗೆ ಬೆಂಕಿ ಹಚ್ಚಿ ಕತ್ತಲಲ್ಲಿ ಮಾಯವಾಯಿತು. ಹೆದರಿದ ಜನ ಗಂಟುಮೂಟೆ ಕಟ್ಟಿಕೊಂಡು ಪಟ್ಟಣ ಬಿಟ್ಟು ಓಡಿದರು. ಭಾರಿ ಗಟ್ಟಿಗನನ್ನು ತಮಿಳಿನಲ್ಲಿ ಇಂದಿಗೂ ‘ಎಮ್ಡನ್’ ಎನ್ನುವ ರೂಢಿಯಿದೆ. ನೂರು ವರ್ಷ ಕಳೆದರೂ ಜನರ ಬಾಯಲ್ಲಿ ಉಳಿದುಕೊಂಡ ಹೆದರಿಕೆ ಅದು!

ಪ್ರವಾಸದಿಂದ ಬಂದ ಮೇಲೆ ನಾನು ಈ ಹಡಗಿನ ಬೆನ್ನು ಹತ್ತಿದೆ. ಸಿಕ್ಕ ಪುಸ್ತಕವನ್ನೆಲ್ಲ ಓದಿದೆ. ಓದುತ್ತಾ ಹೋದಂತೆ ಫಿರಂಗಿಯ ವಿಷಯ ಹಿಂದೆ ಸರಿದು ಕಲ್ಲಿದ್ದಲಿನ ವಿಷಯ ಮುಂದೆ ಬಂತು. ಅದಕ್ಕೆ ಕಾರಣವೂ ಇದೆ. ನಾನು ಕಲ್ಲಿದ್ದಲು ತಂದುಕೊಟ್ಟ ಅನ್ನ ಉಂಡು ಬೆಳೆದವನು. ನನ್ನಪ್ಪ ಅರಸೀಕೆರೆಯಲ್ಲಿ ಉಗಿಬಂಡಿಯ ಫೈರ್‌ಮನ್ ಆಗಿದ್ದರು. ಮೀಟರ್ ಗೇಜ್ ಹಳಿಯ ಮೇಲೆ ಓಡುತ್ತಿದ್ದ ಎಂಜಿನ್ನುಗಳ ಒಲೆಗೆ ಸಲಿಕೆಯಿಂದ ಕಲ್ಲಿದ್ದಲು ತುಂಬುವುದು ಅವರ ಕೆಲಸ. ಕಲ್ಲಿದ್ದಲಿನ ಒಂದು ಹೆಂಟೆಯನ್ನು ಕೈಯಲ್ಲಿ ತಿರುಗಿಸಿ ನೋಡಿ, ‘ಇವತ್ತು ಬರೀ ಬೂದಿ, ಮೈಮುರಿದು ಹೋಗುತ್ತೆ’ ಎಂದೋ, ‘ಇದು ಒಳ್ಳೇ ಮಾಲು’ ಎಂದೋ ಹೇಳಿಬಿಡುತ್ತಿದ್ದರು. ನಾನು ಬಿ.ಎಸ್ಸಿ.ಯಲ್ಲಿ ಕ್ಯಾಲೊರಿ ಮೌಲ್ಯ ಎಂದು ಪುಸ್ತಕದಿಂದ ಕಲಿತದ್ದನ್ನು ಅವರು ಬೆನ್ನುಮೂಳೆಯಿಂದ ಕಲಿತಿದ್ದರು.

ಎಮ್ಡನ್ ಕೂಡ ಕಲ್ಲಿದ್ದಲು ತಿನ್ನುವ ಹಡಗು. 118 ಮೀಟರ್ ಉದ್ದ, ಹತ್ತು ಫಿರಂಗಿ, ಮೂರು ಹೊಗೆ ಕೊಳವೆ, ಹನ್ನೆರಡು ಬಾಯ್ಲರು, ಸುಮಾರು 360 ಜನ. ಅದರ ಹೊಟ್ಟೆ ಹಿಡಿಸುತ್ತಿದ್ದದ್ದು ಎಂಟುನೂರು ಟನ್ನಿನಷ್ಟು ಕಲ್ಲಿದ್ದಲು. ಅಷ್ಟು ತುಂಬಿಕೊಂಡರೆ 12 ನಾಟ್, ಅಂದರೆ ಗಂಟೆಗೆ ಸುಮಾರು 22 ಕಿಲೋಮೀಟರ್ ವೇಗದಲ್ಲಿ ಹೆಚ್ಚುಕಡಿಮೆ ಏಳು ಸಾವಿರ ಕಿಲೋಮೀಟರ್ ಹೋಗಬಹುದಿತ್ತು.

ಇಲ್ಲಿಂದ ಮುಂದೆ ಒಂದು ಲೆಕ್ಕ. ಮಕ್ಕಳೇ, ಪೆನ್ಸಿಲ್ ಹಿಡಿಯಿರಿ. ಗಂಟೆಗೆ 22 ಕಿಲೋಮೀಟರಿನಂತೆ ಏಳು ಸಾವಿರ ಕಿಲೋಮೀಟರ್ ಎಂದರೆ ಸುಮಾರು ಹದಿಮೂರು ದಿನದ ಪ್ರಯಾಣ. ಎಂಟುನೂರು ಟನ್ನನ್ನು ಹದಿಮೂರರಿಂದ ಭಾಗಿಸಿ. ದಿನಕ್ಕೆ ಅರವತ್ತು ಟನ್ನು ಚಿಲ್ಲರೆ! ನೂರು ಕಿಲೋ ಮೂಟೆಯ ಲೆಕ್ಕದಲ್ಲಿ ದಿನಕ್ಕೆ ಆರುನೂರು ಮೂಟೆ. ಇದು ನಿಧಾನವಾಗಿ ಹೋದಾಗಿನ ಮಾತು. ಶತ್ರು ಬೆನ್ನಟ್ಟಿದಾಗ ಹಡಗು ತನ್ನ ಪೂರ್ತಿ ವೇಗದಲ್ಲಿ, ಅಂದರೆ 24 ನಾಟ್ ಹತ್ತಿರ ಓಡಬೇಕು. ವೇಗ ಎರಡರಷ್ಟಾಯಿತು. ಹಾಗಾದರೆ ಕಲ್ಲಿದ್ದಲೂ ಎರಡರಷ್ಟು ಸಾಕೆ? ಸಾಲದು. ನೀರನ್ನು ಸೀಳಿಕೊಂಡು ಹೋಗುವ ಹಡಗಿಗೆ ಬೇಕಾದ ಶಕ್ತಿ ಸ್ಥೂಲವಾಗಿ ವೇಗದ ಘನಕ್ಕೆ ಅನುಗುಣವಾಗಿ ಏರುತ್ತದೆ. ಎರಡರ ಘನ ಎಂಟು. ಅಂದರೆ ಅರವತ್ತು ಟನ್ನಿನ ಜಾಗದಲ್ಲಿ ದಿನಕ್ಕೆ 480 ಟನ್ನು! ಹದಿಮೂರು ದಿನ ಬರಬೇಕಾದದ್ದು ಎರಡು ದಿನಕ್ಕೂ ಬರುವುದಿಲ್ಲ. ಆರ್ಭಟ ಹೆಚ್ಚಾದಷ್ಟೂ ಆಯುಷ್ಯ ಕಡಿಮೆ.

ಈ ಲೆಕ್ಕ ಗೊತ್ತಿದ್ದವರೇ ಆ ಕಾಲದ ನೌಕಾಪಡೆಗಳನ್ನು ನಡೆಸುತ್ತಿದ್ದವರು. ಬ್ರಿಟಿಷರ ಬಲ ಬರೀ ಅವರ ಫಿರಂಗಿಗಳಲ್ಲಿರಲಿಲ್ಲ. ಏಡನ್, ಬೊಂಬಾಯಿ, ಕೊಲಂಬೊ, ಸಿಂಗಪುರ ಎಂದು ದಾರಿಯುದ್ದಕ್ಕೂ ಅವರಿಗೆ ಕಲ್ಲಿದ್ದಲು ತುಂಬಿಸಿಕೊಳ್ಳುವ ಬಂದರುಗಳಿದ್ದವು. ಅಂಥ ಬಂದರುಗಳಿಲ್ಲದವರ ಪಾಡೇನು ಎಂಬುದನ್ನು 1904-05ರಲ್ಲಿ ಜಗತ್ತು ನೋಡಿತ್ತು. ಜಪಾನಿನ ಮೇಲೆ ಯುದ್ಧಕ್ಕೆ ಹೊರಟ ರಷ್ಯದ ಬಾಲ್ಟಿಕ್ ನೌಕಾಪಡೆ ಅರ್ಧ ಭೂಮಿ ಸುತ್ತಿ ಬರಬೇಕಿತ್ತು. ದಾರಿಯಲ್ಲಿ ಸ್ವಂತದ್ದೆನ್ನುವ ಒಂದು ಬಂದರೂ ಇಲ್ಲ. ಜರ್ಮನ್ ಕಂಪನಿಯ ಕಲ್ಲಿದ್ದಲು ಹಡಗುಗಳನ್ನು ಬಾಡಿಗೆಗೆ ಹಿಡಿದು, ಕೋಣೆಗಳಲ್ಲಿ, ಅಟ್ಟದ ಮೇಲೆ, ಸಿಕ್ಕಸಿಕ್ಕಲ್ಲಿ ಕಲ್ಲಿದ್ದಲು ರಾಶಿ ಹಾಕಿಕೊಂಡು ತಿಂಗಳುಗಟ್ಟಲೆ ತೆವಳಿತು. ಕೊನೆಗೆ 1905ರ ಮೇ ತಿಂಗಳಲ್ಲಿ ತ್ಸುಷಿಮಾ ಜಲಸಂಧಿ ತಲುಪುವ ಹೊತ್ತಿಗೆ ಹಡಗುಗಳೂ ಜನರೂ ಹೈರಾಣಾಗಿದ್ದರು. ಎರಡೇ ದಿನಗಳಲ್ಲಿ ಆ ಪಡೆ ಹೇಳಹೆಸರಿಲ್ಲದಂತಾಯಿತು.

1914ರಲ್ಲಿ ಚೀನಾದ ತ್ಸಿಂಗ್ಟಾವ್‌ನಲ್ಲಿ ನೆಲೆಯಿದ್ದ ಜರ್ಮನ್ ಅಡ್ಮಿರಲ್ ಸ್ಪೀಗೂ ಇದೇ ಚಿಂತೆ. ತನ್ನ ಇಡೀ ಪಡೆಯನ್ನು ಹಿಂದೂ ಮಹಾಸಾಗರಕ್ಕೆ ಒಯ್ದರೆ ಅದಕ್ಕೆ ಕಲ್ಲಿದ್ದಲು ಎಲ್ಲಿಂದ ತರುವುದು? ಒಂದೇ ಒಂದು ಹಡಗಾದರೆ ಶತ್ರುವಿನ ಸರಕು ಹಡಗು ಹಿಡಿದು ಅದರ ಕಲ್ಲಿದ್ದಲಿನಲ್ಲೇ ಬದುಕಿಕೊಳ್ಳಬಹುದು. ಹೀಗೆ ಎಣಿಸಿ ಎಮ್ಡನ್ ಒಂದನ್ನೇ ನಮ್ಮ ಕಡೆಗೆ ಕಳಿಸಿದ. ಜೊತೆಗೆ ‘ಮಾರ್ಕೊಮಾನಿಯಾ’ ಎಂಬ ಕಲ್ಲಿದ್ದಲು ಹಡಗು. ಮದುವೆ ದಿಬ್ಬಣದ ಹಿಂದೆ ಅಡಿಗೆಯವರ ಗಾಡಿ ಬರುವುದಿಲ್ಲವೆ, ಹಾಗೆ.

ಎಮ್ಡನ್‌ನ ಕಪ್ತಾನ ಕಾರ್ಲ್ ಫಾನ್ ಮ್ಯೂಲರ್ ಬಹಳ ಜಾಣ. ಹಡಗಿಗೆ ನಾಲ್ಕನೆಯದೊಂದು ಸುಳ್ಳು ಹೊಗೆಕೊಳವೆ ಕಟ್ಟಿಸಿ, ದೂರದಿಂದ ಬ್ರಿಟಿಷ್ ಹಡಗಿನಂತೆ ಕಾಣುವ ಹಾಗೆ ಮಾಡಿದ. ಬಂಗಾಳ ಕೊಲ್ಲಿಯಲ್ಲಿ ಅವನಿಗೆ ಮೊದಲು ಸಿಕ್ಕಿದ್ದು ‘ಪೊಂಟೊಪೊರೊಸ್’ ಎಂಬ ಗ್ರೀಕ್ ಹಡಗು. ಅದರ ತುಂಬ ಇದ್ದದ್ದು ಇಂಡಿಯಾದ ಕಲ್ಲಿದ್ದಲು, ಆರು ಸಾವಿರ ಟನ್ನಿಗೂ ಹೆಚ್ಚು. ನಿಧಿ ಸಿಕ್ಕಿತೆಂದು ಕುಣಿದಾಡಿದರು. ಆದರೆ ಒಲೆಗೆ ಹಾಕಿ ನೋಡಿದರೆ ಬೂದಿಯೇ ಹೆಚ್ಚು, ಹೊಗೆಯೋ ಮುಗಿಲಿಗೆ! ಅಡಗಿ ಓಡಾಡಬೇಕಾದ ಹಡಗಿಗೆ ಹೊಗೆಯೇ ಶತ್ರು. ಹತ್ತಾರು ಮೈಲಿ ದೂರದಿಂದ ‘ನಾನು ಇಲ್ಲಿದ್ದೇನೆ’ ಎಂದು ಕೂಗಿ ಹೇಳಿದ ಹಾಗೆ. ಬ್ರಿಟನ್ನಿನ ವೇಲ್ಸ್ ಪ್ರಾಂತ್ಯದ ಕಲ್ಲಿದ್ದಲಿಗೆ ಇಡೀ ಜಗತ್ತಿನ ನೌಕಾಪಡೆಗಳು ಬಾಯಿಬಿಡುತ್ತಿದ್ದದ್ದು ಇದಕ್ಕೇ. ಅದು ಕಡಿಮೆ ಹೊಗೆ, ಕಡಿಮೆ ಬೂದಿ, ಹೆಚ್ಚು ಶಾಖ ಕೊಡುತ್ತಿತ್ತು. ಅಪ್ಪ ಇದ್ದಿದ್ದರೆ ಪೊಂಟೊಪೊರೊಸ್‌ನ ಒಂದು ಹೆಂಟೆ ಎತ್ತಿ ನೋಡಿ, ಒಲೆಗೆ ಹಾಕುವ ಮೊದಲೇ ಕಪ್ತಾನನಿಗೆ ಹೇಳಿಬಿಡುತ್ತಿದ್ದರು.

ಅದೇ ಸೆಪ್ಟೆಂಬರ್ 10ರಂದು ಎಮ್ಡನ್ ‘ಇಂಡಸ್’ ಎಂಬ ಇನ್ನೊಂದು ಹಡಗನ್ನು ಹಿಡಿಯಿತು. ಅದು ಸೈನಿಕರನ್ನು ಸಾಗಿಸಲು ಸಜ್ಜಾಗಿ ಕಲ್ಕತ್ತದಿಂದ ಬೊಂಬಾಯಿಗೆ ಹೊರಟಿದ್ದ ಹಡಗು. ಅದರಲ್ಲಿ ಏನು ಸಿಕ್ಕಿತು ಎಂದು ನಾನು ತರಗತಿಯಲ್ಲಿ ಕೇಳಿದಾಗಲೆಲ್ಲ ಮಕ್ಕಳು ‘ಬಂಗಾರ’, ‘ಬಾಂಬು’ ಎನ್ನುತ್ತಾರೆ. ನಾವಿಕರು ಅತ್ಯಂತ ಸಂತೋಷದಿಂದ ಹೊತ್ತುಕೊಂಡು ಬಂದದ್ದು ಸಾಬೂನಿನ ಪೆಟ್ಟಿಗೆಗಳನ್ನು! ಎಮ್ಡನ್‌ನಲ್ಲಿ ಸಾಬೂನು ಮುಗಿಯುತ್ತಾ ಬಂದಿತ್ತು. ಯುದ್ಧಕ್ಕೂ ಸಾಬೂನಿಗೂ ಏನು ಸಂಬಂಧ ಎನ್ನುತ್ತೀರೋ? ಕಲ್ಲಿದ್ದಲು ತುಂಬುವ ದಿನ ಹಡಗಿನಲ್ಲಿ ಏನಾಗುತ್ತಿತ್ತೆಂದು ಗೊತ್ತಾದರೆ ಹಾಗೆ ಕೇಳುವುದಿಲ್ಲ.

ಎರಡು ಹಡಗುಗಳನ್ನು ನಡುನೀರಿನಲ್ಲಿ ಪಕ್ಕಪಕ್ಕಕ್ಕೆ ತಂದು ನಡುವೆ ದಪ್ಪ ಮೆತ್ತೆಗಳನ್ನಿಟ್ಟು ಕಟ್ಟುತ್ತಾರೆ. ಅಲೆ ಎದ್ದಾಗಲೆಲ್ಲ ಒಂದಕ್ಕೊಂದು ಢೀ ಕೊಡುತ್ತವೆ. ಆ ಹಡಗಿನ ಹೊಟ್ಟೆಗೆ ಇಳಿದು ಸಲಿಕೆಯಲ್ಲಿ ಚೀಲ ತುಂಬಬೇಕು, ಈ ಹಡಗಿಗೆ ಎಳೆದುಕೊಳ್ಳಬೇಕು, ಸುರಿಯಬೇಕು, ಮೂಲೆಮೂಲೆಗೆ ತಳ್ಳಬೇಕು. ನೆತ್ತಿಯ ಮೇಲೆ ಸಮಭಾಜಕ ವೃತ್ತದ ಬಿಸಿಲು. ಎಂಟುನೂರು ಟನ್ನನ್ನು 360 ಜನರಿಗೆ ಹಂಚಿದರೆ ತಲೆಗೆ ಎರಡು ಟನ್ನಿಗೂ ಹೆಚ್ಚು. ಆ ಕಾಲದ ನೌಕಾಪಡೆಗಳಲ್ಲಿ ಈ ಕೆಲಸಕ್ಕೆ ಅಧಿಕಾರಿಗಳೂ ಕೈಹಾಕುತ್ತಿದ್ದರು, ಹುಮ್ಮಸ್ಸಿಗೆ ಬ್ಯಾಂಡು ಬಾರಿಸುವ ಪದ್ಧತಿಯೂ ಇತ್ತು. ಕೆಲಸ ಮುಗಿಯುವ ಹೊತ್ತಿಗೆ ಎಲ್ಲರೂ ಕಾಡಿಗೆಯಲ್ಲಿ ಅದ್ದಿ ತೆಗೆದ ಹಾಗೆ. ಕಣ್ಣು, ಕಿವಿ, ಮೂಗು, ಅನ್ನ, ಹಾಸಿಗೆ ಎಲ್ಲ ಕಪ್ಪು. ಆಗ ಒಂದು ತುಂಡು ಸಾಬೂನಿನ ಬೆಲೆ ಏನೆಂದು ಕೇಳಿ!

ನನಗೆ ಗೊತ್ತು. ಅಪ್ಪ ಡ್ಯೂಟಿ ಮುಗಿಸಿ ಬಂದರೆ ಹಿತ್ತಲಿನ ಕಲ್ಲುಚಪ್ಪಡಿಯ ಮೇಲೆ ಕುಳಿತು ಬಟ್ಟೆ ಸೋಪಿನ ಬಾರಿನಲ್ಲೇ ಮೈ ತಿಕ್ಕಿಕೊಳ್ಳುತ್ತಿದ್ದರು. ಮೈಸೋಪು ಅವರ ಮೈಯ ಕಪ್ಪಿಗೆ ಸೋಲುತ್ತಿತ್ತು. ಚಪ್ಪಡಿಯಿಂದ ಇಳಿದ ನೀರು ಬಾಳೆಗಿಡದ ಬುಡದವರೆಗೂ ಕಪ್ಪಗೆ ಹರಿಯುತ್ತಿತ್ತು. ಎಷ್ಟು ತಿಕ್ಕಿದರೂ ಉಗುರಿನ ಸಂದಿಯ ಕರಿ ಹೋಗುತ್ತಿರಲಿಲ್ಲ.

ಇರಲಿ, ಹಡಗಿನ ಕಥೆಗೆ ಬರೋಣ. ಮದರಾಸಿನ ಮೇಲೆ ದಾಳಿ ಮಾಡಿದ ಎಮ್ಡನ್ ಸಿಂಹಳವನ್ನು ಬಳಸಿ ಪಶ್ಚಿಮಕ್ಕೆ ಬಂತು. ಅಲ್ಲಿ ಅದಕ್ಕೆ ‘ಬುರೆಸ್ಕ್’ ಎಂಬ ಹಡಗು ಸಿಕ್ಕಿತು. ಒಳಗೆ ಬ್ರಿಟಿಷ್ ನೌಕಾಪಡೆಗೆಂದೇ ಹೊರಟಿದ್ದ ಆರು ಸಾವಿರ ಟನ್ನಿಗೂ ಮಿಕ್ಕಿದ ಅಪ್ಪಟ ವೇಲ್ಸ್ ಕಲ್ಲಿದ್ದಲು! ಅದನ್ನು ಮುಳುಗಿಸದೆ ತನ್ನ ಜನರನ್ನು ಹತ್ತಿಸಿ ಜೊತೆಗಿಟ್ಟುಕೊಂಡಿತು. ಅಕ್ಟೋಬರಿನಲ್ಲಿ ಡಿಯೇಗೊ ಗಾರ್ಸಿಯಾ ಎಂಬ ಒಂಟಿ ದ್ವೀಪಕ್ಕೆ ಹೋಯಿತು. ಅಲ್ಲಿನ ಜನಕ್ಕೆ ಯುದ್ಧ ಶುರುವಾದ ಸುದ್ದಿಯೇ ತಲುಪಿರಲಿಲ್ಲ. ಅವರು ಶತ್ರುವನ್ನು ಅತಿಥಿಯೆಂದು ಸತ್ಕರಿಸಿದರು. ಜರ್ಮನರು ಅವರ ಕೆಟ್ಟ ಮೋಟಾರು ದೋಣಿಯನ್ನು ರಿಪೇರಿ ಮಾಡಿಕೊಟ್ಟು, ಹಡಗಿನ ತಳಕ್ಕೆ ಅಂಟಿದ್ದ ಪಾಚಿ-ಚಿಪ್ಪುಗಳನ್ನು ಕೆರೆದು ಹೊರಟರು. ಅದೂ ಕಲ್ಲಿದ್ದಲಿನ ಉಳಿತಾಯವೇ. ತಳ ಒರಟಾದರೆ ನೀರಿನ ತಡೆ ಹೆಚ್ಚು, ತಡೆ ಹೆಚ್ಚಾದರೆ ಕಲ್ಲಿದ್ದಲಿನ ಖರ್ಚೂ ಹೆಚ್ಚು.

ಆಮೇಲೆ ಎಮ್ಡನ್ ಬೇಟೆಯಾಡಿದ್ದು ಲಕ್ಷದ್ವೀಪದ ದಕ್ಷಿಣ ತುದಿಯ ಮಿನಿಕಾಯ್ ಸುತ್ತಮುತ್ತ. ಇದು ನಮಗೆ ತೀರ ಪರದೇಶವೇನಲ್ಲ. ಇದೇ ದ್ವೀಪಸಮೂಹದ ಉತ್ತರದ ಅಮಿನಿದೀವಿ ದ್ವೀಪಗಳು 1956ರವರೆಗೂ ನಮ್ಮ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದವು. ಅದೇ 1914ರ ಅಕ್ಟೋಬರಿನಲ್ಲಿ ಮೈಸೂರು ಲ್ಯಾನ್ಸರ್ಸ್ ಅಶ್ವದಳ ಬೆಂಗಳೂರು ಬಿಟ್ಟು, ಅದೇ ಅರಬ್ಬೀ ಸಮುದ್ರ ದಾಟಿ ಈಜಿಪ್ಟಿಗೆ ಹೋಗಲು ಹೊರಟಿತು. ಯುದ್ಧದ ಖರ್ಚಿಗೆಂದು ನಾಲ್ವಡಿ ಕೃಷ್ಣರಾಜ ಒಡೆಯರು 50 ಲಕ್ಷ ರೂಪಾಯಿಗಳನ್ನೂ ಕೊಟ್ಟಿದ್ದರು. 1918ರ ಸೆಪ್ಟೆಂಬರ್ 23ರಂದು ಹೈಫಾ ಪಟ್ಟಣದ ಮೇಲೆ ಕುದುರೆಯೇರಿ ನುಗ್ಗಿದವರಲ್ಲಿ ಇವರೂ ಇದ್ದರು. ಅವರ ನೆನಪಿನ ಸ್ಮಾರಕ ಬೆಂಗಳೂರಿನ ಜೆ.ಸಿ. ನಗರದಲ್ಲಿದೆ. ಹೈಫಾದ ವೀರರನ್ನು ನಾವು ನೆನೆಯುತ್ತೇವೆ, ನೆನೆಯಲೇಬೇಕು. ಆದರೆ ಒಂದು ಕುದುರೆಗೆ ದಿನಕ್ಕೆ ಇಪ್ಪತ್ತೈದು-ಮೂವತ್ತು ಲೀಟರ್ ಸಿಹಿನೀರು ಬೇಕು, ಜೊತೆಗೆ ಹುಲ್ಲು, ಹುರುಳಿ. ಸುತ್ತ ಉಪ್ಪುನೀರಿರುವ ಹಡಗಿನಲ್ಲಿ ನೂರಾರು ಕುದುರೆಗಳಿಗೆ ಇದನ್ನೆಲ್ಲ ಅಳೆದು ತುಂಬಿಸಿದ, ಬರೆದಿಟ್ಟ, ದಿನದಿನ ಕೊಟ್ಟ ಕೈಗಳು ಯಾವುವು? ಅವು ಸೋತಿದ್ದರೆ ಹೈಫಾಕ್ಕೆ ಕುದುರೆಗಳು ತಲುಪುತ್ತಲೇ ಇರಲಿಲ್ಲ.

ಎಮ್ಡನ್‌ನ ಅಂತ್ಯ ಕೇಳಿ. ಮೂರು ತಿಂಗಳೊಳಗೆ ಅದು ಇಪ್ಪತ್ತಕ್ಕೂ ಹೆಚ್ಚು ಸರಕು ಹಡಗುಗಳನ್ನು ಹಿಡಿದಿತ್ತು. ಅಕ್ಟೋಬರ್ 28ರಂದು ಪೆನಾಂಗ್ ಬಂದರಿಗೇ ನುಗ್ಗಿ ರಷ್ಯದ ಒಂದು ಕ್ರೂಸರನ್ನೂ, ಹೊರಬರುವಾಗ ಫ್ರೆಂಚರ ಒಂದು ಸಮರನೌಕೆಯನ್ನೂ ಮುಳುಗಿಸಿತ್ತು. ಅದನ್ನು ಹುಡುಕಲು ಮಿತ್ರರಾಷ್ಟ್ರಗಳ ಹತ್ತಾರು ಹಡಗುಗಳು ಸಮುದ್ರ ಜಾಲಾಡುತ್ತಿದ್ದವು. ಇತ್ತ ಮಾರ್ಕೊಮಾನಿಯಾ ಆಗಲೇ ಬ್ರಿಟಿಷರಿಗೆ ಸಿಕ್ಕು ಮುಳುಗಿತ್ತು.

ನವೆಂಬರ್ 9ರ ಬೆಳಿಗ್ಗೆ ಎಮ್ಡನ್ ಕೊಕೋಸ್ ದ್ವೀಪಗಳಿಗೆ ಬಂತು. ಅಲ್ಲಿನ ತಂತಿ ಕಚೇರಿ ಹಾಳುಗೆಡವಲು ಐವತ್ತು ಜನರನ್ನು ದಡಕ್ಕೆ ಇಳಿಸಿತು. ಬುರೆಸ್ಕ್‌ಗೆ ಬರಹೇಳಿ ನಿಸ್ತಂತು ಸಂದೇಶ ಕಳಿಸಿ ಕಾಯುತ್ತಾ ನಿಂತಿತು. ಒಂಬತ್ತರ ಸುಮಾರಿಗೆ ಕಾವಲುಗಾರನಿಗೆ ದಿಗಂತದಲ್ಲಿ ಹೊಗೆ ಕಂಡಿತು. ‘ಬುರೆಸ್ಕ್ ಬಂತು, ಕಲ್ಲಿದ್ದಲು ಬಂತು’ ಎಂದೇ ಎಲ್ಲರೂ ತಿಳಿದರು. ಹೊಗೆ ಹತ್ತಿರ ಬಂತು. ಅದು ಬುರೆಸ್ಕ್ ಆಗಿರಲಿಲ್ಲ. ಆಸ್ಟ್ರೇಲಿಯದ ‘ಸಿಡ್ನಿ’ ಎಂಬ ಯುದ್ಧನೌಕೆ! ಸೈನಿಕರ ಹಡಗುಗಳಿಗೆ ಬೆಂಗಾವಲಾಗಿ ಹೋಗುತ್ತಿದ್ದ ಸಿಡ್ನಿ, ತಂತಿ ಕಚೇರಿಯವರು ಕಳಿಸಿದ ತುರ್ತುಕರೆ ಕೇಳಿ ಧಾವಿಸಿತ್ತು. ಅದು ಎಮ್ಡನ್‌ಗಿಂತ ದೊಡ್ಡದು, ಅದರ ಫಿರಂಗಿಗಳೂ ದೊಡ್ಡವು. ದಡಕ್ಕಿಳಿದಿದ್ದವರನ್ನು ಹತ್ತಿಸಿಕೊಳ್ಳಲೂ ಸಮಯವಿಲ್ಲದೆ ಎಮ್ಡನ್ ಲಂಗರು ಎತ್ತಿತು. ಎರಡು ಗಂಟೆಯೊಳಗೆ ಎಲ್ಲ ಮುಗಿಯಿತು. ಚೂರುಚೂರಾದ ಹಡಗನ್ನು ಕಪ್ತಾನ ಹವಳದ ದಿಬ್ಬಕ್ಕೆ ಹತ್ತಿಸಿ ನಿಲ್ಲಿಸಿದ. ಸತ್ತವರು 130ಕ್ಕೂ ಹೆಚ್ಚು. ಬುರೆಸ್ಕ್ ಬಂದದ್ದು ಆಮೇಲೆ. ಶತ್ರುವಿನ ಕೈಗೆ ಕಲ್ಲಿದ್ದಲು ಸಿಗಬಾರದೆಂದು ಅದರ ಜನ ತಾವೇ ಅದನ್ನು ಮುಳುಗಿಸಿದರು.

ಗೆದ್ದ ಹಡಗಿನಲ್ಲೂ ನಾಲ್ವರು ಸತ್ತರು. ಸತ್ತವರಲ್ಲಿ ಯಾರೂ ನನಗೆ ಶತ್ರುಗಳಲ್ಲ. ನನ್ನನ್ನು ಕಾಡುವುದು ಆ ಹೊಗೆ ಕಂಡ ಹೊತ್ತು. ಅಷ್ಟು ಹೆಸರಾದ ಹಡಗು, ಅಷ್ಟು ಜಾಣ ಕಪ್ತಾನ. ಆದರೂ ಆ ಹೊತ್ತಿನಲ್ಲಿ ಅವರೆಲ್ಲ ಕಣ್ಣರಳಿಸಿ ಕಾದದ್ದು ಒಂದು ಕರಿ ಕಲ್ಲಿದ್ದಲಿನ ಹಡಗಿಗೆ. ಹಸಿದವನಿಗೆ ಬಾಗಿಲು ಬಡಿದವರೆಲ್ಲ ಊಟ ತಂದವರಂತೆಯೇ ಕಾಣುತ್ತಾರಲ್ಲವೆ!

ಆಮೇಲೆ ಕಲ್ಲಿದ್ದಲಿನ ಕಾಲ ಹೋಯಿತು. ಎಣ್ಣೆಯನ್ನು ಪಂಪಿನಲ್ಲೇ ತುಂಬಬಹುದು, ಸಲಿಕೆ ಬೇಡ, ತೂಕಕ್ಕೆ ಶಾಖವೂ ಹೆಚ್ಚು ಎಂದು ಬ್ರಿಟಿಷ್ ನೌಕಾಪಡೆ ಆಗಲೇ ಎಣ್ಣೆಗೆ ತಿರುಗುತ್ತಿತ್ತು. ಅದಕ್ಕೆಂದೇ 1914ರಲ್ಲಿ ಪರ್ಷಿಯಾದ ಎಣ್ಣೆ ಕಂಪನಿಯಲ್ಲಿ ಅವರ ಸರ್ಕಾರ 22 ಲಕ್ಷ ಪೌಂಡ್ ಹಣ ಹೂಡಿತು. ಈಗ ನಮ್ಮ ನೌಕಾಪಡೆಯಲ್ಲೂ ‘ದೀಪಕ್’ನಂಥ ಟ್ಯಾಂಕರ್ ಹಡಗುಗಳಿವೆ. ಎರಡು ಹಡಗು ಪಕ್ಕಪಕ್ಕದಲ್ಲೇ ಸಾಗುತ್ತಾ, ನಡುವೆ ಕೊಳವೆ ಹಾಕಿ ಇಂಧನ ತುಂಬಿಸಿಕೊಳ್ಳುತ್ತವೆ. ನಮ್ಮ ಬೀದಿಯ ನೀರಿನ ಟ್ಯಾಂಕರಿನ ಅಣ್ಣ ಎನ್ನಿ!

ಈಗ ನಾನು ಆಮೇಲೆ ಹೇಳುತ್ತೇನೆಂದ ಮಾತು.

1985. ನನ್ನ ಎಸ್ಸೆಸ್ಸೆಲ್ಸಿ ಪರೀಕ್ಷೆ. ಗಣಿತದ ದಿನ ಹಾಲ್ ಟಿಕೆಟ್ ಮನೆಯಲ್ಲೇ ಮರೆತು ಬಂದಿದ್ದೆ. ಗೊತ್ತಾದದ್ದು ಪರೀಕ್ಷಾ ಕೇಂದ್ರದ ಗೇಟಿನ ಹತ್ತಿರ. ಕೈಕಾಲು ತಣ್ಣಗಾದವು. ಓಡಿಹೋಗಿ ತರುವಷ್ಟು ಸಮಯವಿಲ್ಲ. ಗಂಟೆ ಹೊಡೆಯಲು ಹತ್ತು ನಿಮಿಷವಿದೆ ಎನ್ನುವಾಗ ಅಪ್ಪ ಸೈಕಲ್ ತುಳಿದುಕೊಂಡು ಬಂದರು. ರಾತ್ರಿಪಾಳಿ ಮುಗಿಸಿ ಆಗಷ್ಟೇ ಮನೆಗೆ ಬಂದವರು, ಮೇಜಿನ ಮೇಲೆ ಹಾಲ್ ಟಿಕೆಟ್ ಕಂಡು, ಮೈ ಕೂಡ ತೊಳೆಯದೆ ಹಾಗೇ ಬಂದಿದ್ದರು. ಮುಖದಲ್ಲಿ ಕಣ್ಣು, ಹಲ್ಲು ಬಿಟ್ಟರೆ ಉಳಿದದ್ದೆಲ್ಲ ಕಪ್ಪು. ಹಾಲ್ ಟಿಕೆಟ್ಟಿಗೆ ಕರಿ ತಾಗಬಾರದೆಂದು ಅದನ್ನು ಒಂದು ಹಾಳೆಯಲ್ಲಿ ಸುತ್ತಿ ಎರಡೇ ಬೆರಳಿನಲ್ಲಿ ಹಿಡಿದಿದ್ದರು. ನಾನು ಕಿತ್ತುಕೊಂಡು ತಿರುಗಿದೆ. ಜೊತೆಗಿದ್ದ ಹುಡುಗ ‘ಯಾರೋ ಅದು?’ ಎಂದ.

‘ನಮ್ಮ ವಠಾರದವರು’ ಎಂದೆ.

ಅಪ್ಪ ಅಲ್ಲೇ ಮೂರು ಮಾರು ದೂರದಲ್ಲಿದ್ದರು. ಕೇಳಿಸಿತೋ ಇಲ್ಲವೋ ಇವತ್ತಿಗೂ ತಿಳಿಯದು. ಸೈಕಲ್ ತಿರುಗಿಸಿಕೊಂಡು ಹೋದರು. ಸಂಜೆ ‘ಪರೀಕ್ಷೆ ಹೇಗಾಯ್ತೋ?’ ಎಂದು ಕೇಳಿದರು. ‘ಚೆನ್ನಾಗಾಯ್ತು’ ಎಂದೆ. ಅವರು ಆ ವಿಷಯ ಮತ್ತೆಂದೂ ಎತ್ತಲಿಲ್ಲ. ನಾನೂ ಎತ್ತಲಿಲ್ಲ. ಬಿ.ಎಸ್ಸಿ. ಮುಗಿಸಿದೆ, ಬಿ.ಎಡ್. ಮುಗಿಸಿದೆ, ಮೇಷ್ಟ್ರಾದೆ, ಬೆಂಗಳೂರಿಗೆ ಬಂದು ಮೂಡಲಪಾಳ್ಯದಲ್ಲಿ ನೆಲೆಸಿದೆ. ನನ್ನ ಪ್ರತಿಯೊಂದು ಹೆಜ್ಜೆಗೂ ಇಂಧನ ಆ ಕರಿ ಕೈಗಳಿಂದಲೇ ಬಂದಿತ್ತು. ಅಪ್ಪ ತೀರಿಕೊಂಡು ಇಪ್ಪತ್ತು ವರ್ಷವಾಯಿತು. ಒಮ್ಮೆ ಕ್ಷಮಿಸಿ ಎನ್ನಬಹುದಿತ್ತು. ಇವತ್ತು ನಾಳೆ ಎನ್ನುವುದರಲ್ಲಿ ಅವರೇ ಹೊರಟುಹೋದರು.

ಹುಡುಗನಿಗೆ ಫೋನಿನಲ್ಲಿ ಮೊದಲು ಎಮ್ಡನ್ ಕಥೆ ಹೇಳಿದೆ. ಆಮೇಲೆ ಇದನ್ನೂ ಹೇಳಿದೆ. ಶಿಷ್ಯನ ಮುಂದೆ ಇಂಥದನ್ನು ಹೇಳಿಕೊಳ್ಳುವುದು ಮೇಷ್ಟ್ರಿಗೆ ಸುಲಭವಲ್ಲ. ಅವನು ಬಹಳ ಹೊತ್ತು ಮಾತಾಡಲಿಲ್ಲ. ಲೈನು ಕಡಿದುಹೋಯಿತೇನೋ ಎಂದುಕೊಂಡೆ. ಆಮೇಲೆ, ‘ಸಾರ್, ಇಲ್ಲಿ ಸಾವಿರಾರು ಥರದ ಸಾಮಾನಿದೆ, ಒಂದೊಂದಕ್ಕೂ ನಂಬರು. ಮೊನ್ನೆ ಒಂದು ಚಿಕ್ಕ ವಾಷರ್ ಬೇಕಾಗಿತ್ತು. ಎಲ್ಲಿದೆ ಅಂತ ಯಾರಿಗೂ ಗೊತ್ತಿರಲಿಲ್ಲ. ನಾನು ಹುಡುಕಿ ಕೊಟ್ಟೆ’ ಎಂದ. ದನಿಯಲ್ಲಿ ಏನೋ ಒಂದು ಬದಲಾಗಿತ್ತು.

ದಸರಾ ರಜೆಗೆ ಊರಿಗೆ ಬಂದಿದ್ದ. ಈಗ ಅವನಿರುವುದು ನಮ್ಮ ಕಾರವಾರದಲ್ಲೇ. ಬನವಾಸಿಯ ಕದಂಬರ ಹೆಸರು ಹೊತ್ತು 2005ರಲ್ಲಿ ಶುರುವಾದ ನೌಕಾನೆಲೆ ಅದು. ಸ್ನೇಹಿತರಿಗೆ ನಿಜ ಹೇಳಿದನಂತೆ. ಇಬ್ಬರು ನಕ್ಕರಂತೆ, ಉಳಿದವರು ‘ಕ್ಯಾಂಟೀನ್ ಸಾಮಾನು ಸಿಗುತ್ತೇನೋ’ ಎಂದು ಕೇಳಿದರಂತೆ! ಅವನ ತಾಯಿ ಈ ಸಲ ಪೇಡ ತಂದಿದ್ದರು. ಆದರೂ ಒಂದು ಅನುಮಾನ ಉಳಿದಿತ್ತು.

‘ಎಲ್ಲಾ ಸರಿ ಸಾರ್. ನಾಳೆ ಹೆಣ್ಣಿನ ಕಡೆಯವರು ಬಂದು ಹುಡುಗ ಏನು ಮಾಡ್ತಾನೆ ಅಂದ್ರೆ ಏನಂತ ಹೇಳ್ಲಿ?’

‘ಅವನು ಸಾಮಾನು ಕೊಡದಿದ್ರೆ ಹಡಗು ಹೊರಡೋದಿಲ್ಲ ಅಂತ ಹೇಳಿ’ ಎಂದೆ. ಅವರು ಅದನ್ನು ಒಮ್ಮೆ ಮೆಲ್ಲಗೆ ಬಾಯಿಪಾಠ ಮಾಡಿಕೊಂಡರು.

ನಮ್ಮ ಶಾಲೆಯಲ್ಲಿ ಜೂನ್ ತಿಂಗಳಲ್ಲಿ ದಾಖಲಾತಿ ಪುಸ್ತಕ ಬರೆಯುವ ಕೆಲಸ ನನ್ನದು. ‘ತಂದೆಯ ಉದ್ಯೋಗ’ ಎಂಬ ಕಾಲಂ ಬಂದಾಗ ಕೆಲವು ಮಕ್ಕಳು ದನಿ ತಗ್ಗಿಸುತ್ತಾರೆ. ‘ಡ್ರೈವರ್ ಸಾರ್’ ಎನ್ನುತ್ತಾರೆ. ‘ಯಾವ ಗಾಡಿ?’ ಎಂದು ಕೇಳುತ್ತೇನೆ. ‘ನೀರಿನ ಟ್ಯಾಂಕರ್’ ಎಂಬ ಉತ್ತರ ನೆಲ ನೋಡಿಕೊಂಡು ಬರುತ್ತದೆ. ನಾನು ಅದನ್ನು ಪೂರ್ತಿಯಾಗಿ, ದುಂಡಗೆ ಬರೆದು, ಮಗುವಿನ ಕಡೆ ಪುಸ್ತಕ ತಿರುಗಿಸಿ, ‘ಸರಿಯಾಗಿದೆಯಾ, ಜೋರಾಗಿ ಓದು’ ಎನ್ನುತ್ತೇನೆ.